ಬಲಗೈಯ ನಡೆ

೬ ಜನವರಿ ೨೦೧೬, ಡೊಂಬಿವಲಿ
ಮತ್ತೆ ಬ್ಲಿಟ್ಜ್ ಪ್ರಾಕ್ಟೀಸ್, ಕೆಲವೇ ನಿಮಿಷದ ಚೆಸ್ ಆಟ. ಮತ್ತೆ ಬೈಗುಳ. ನಾನು ಹುಟ್ಟಾ ಎಡಚಿ. ಊಟಕ್ಕೆ, ಕುಂಕುಮಕ್ಕೆ, ಪ್ರಸಾದಕ್ಕೆ ಬಲಗೈ ರೂಢಿ ಮಾಡಿಸಿದ್ದು ಅಮ್ಮ. ಅದೇ ಚಟ ಬೋರ್ಡಿನ ಮೇಲೂ. ಕಾಯಿ ನಡೆಸುವುದು ಬಲಗೈ, ಗಡಿಯಾರ ಒತ್ತುವುದು ಎಡಗೈ. ರೂಲ್ ಪ್ರಕಾರ ನಡೆಸಿದ ಕೈಯೇ ಒತ್ತಬೇಕು. ಕೋಚ್ ಮಹಾದೇವಪ್ಪ ಸರ್ ರೇಗಿದರು: “ಎಲ್ಲಾ ಎಡಗೈಲೇ ಆಡವ್ವಾ ತಾಯಿ, ಇದೇನ್ ದೇವರ ಪೂಜಿ ಅಲ್ಲ!”

೮ ಜನವರಿ
ಅಪ್ಪ ಊಟದ ಮಧ್ಯೆ ಹೇಳಿಯೇಬಿಟ್ಟರು. “ಸ್ಟೇಟ್ ಟೀಮಿಗೆ ಹೋದ್ರೆ ಸರಿ. ಇಲ್ಲದಿದ್ರೆ ಚೆಸ್ ಸಾಕು ಮಾನಸಿ, ಬ್ಯಾಂಕ್ ಎಕ್ಸಾಮಿಗೆ ಕೂತ್ಕೋ.” ಇರುವುದು ಒಂದೇ ಸೀಟು, ಭಾನುವಾರದ ಸೆಲೆಕ್ಷನ್ ಟೂರ್ನಿ ಗೆದ್ದವರಿಗೆ. ಕಲ್ಯಾಣದ ಕಾಂಚನಾಗೂ ಅದೇ ಬೇಕು...

೧೦ ಜನವರಿ, ಬೆಳಿಗ್ಗೆ
ಹೊರಡುವಾಗ ಅಮ್ಮ ಪ್ರಸಾದ ಹಿಡಿದು ಅಡ್ಡ ನಿಂತಳು. “ಮೊದಲ ನಡೆಯಾದ್ರೂ ಬಲಗೈಯಲ್ಲಿ ಇಡು ಮಾರಾಯ್ತಿ. ಒಳ್ಳೇದಾಗ್ತದೆ.” ಹೂಂ ಅಂದೆ. ಒಂದು ನಡೆ ತಾನೆ.

ಸಂಜೆ, ಸಾನಪಾಡಾ ಸ್ಟೇಷನ್
ಪ್ಲಾಟ್‌ಫಾರ್ಮಿನ ಬೆಂಚಲ್ಲಿ ಕೂತು ಬರೆಯುತ್ತಿದ್ದೇನೆ. ಫೈನಲ್. ಎದುರಿಗೆ ಕಾಂಚನಾ. ಮೊದಲ ನಡೆ ಬಲಗೈ, ಗಡಿಯಾರವೂ ಬಲಗೈ. ಆಮೇಲೆ ಎಲ್ಲ ಎಡಗೈ. ಕೊನೆಗೆ ಅವಳ ಬಳಿ ನಾಲ್ಕೇ ಸೆಕೆಂಡ್, ನನ್ನ ಬಳಿ ಒಂಬತ್ತು. ಗೆದ್ದೆ ಅಂದುಕೊಂಡೆ. ರಾಣಿ ಎತ್ತಿ ಚೆಕ್ ಕೊಟ್ಟು ಟಪ್ ಅಂತ ಒತ್ತಿದೆ.

ಕಾಂಚನಾ ಗಡಿಯಾರ ನಿಲ್ಲಿಸಿ ಕೈ ಎತ್ತಿದಳು. “ಸರ್, ಇಸ್ನೆ ದೂಸ್ರೆ ಹಾಥ್ ಸೆ ದಬಾಯಾ!”

ಬೇರೆ ಕೈಯಿಂದ ಒತ್ತಿದೆನಂತೆ. ತೀರ್ಪು ಕೊಡುವ ಆರ್ಬಿಟರ್ ನೋಡಿರಲಿಲ್ಲ. ನನ್ನನ್ನೇ ಕೇಳಿದರು, ನಿಜವೇ ಎಂದು. ಇಲ್ಲ ಅಂದರೆ ಮುಗಿಯಿತು, ಸೀಟು ನನ್ನದು. ಹೌದು ಅಂದರೆ ನನ್ನ ತಪ್ಪಿಗೆ ದಂಡವಾಗಿ ಅವಳಿಗೆ ಒಂದು ನಿಮಿಷ ಹೆಚ್ಚು. ನನ್ನ ಬಲಗೈ ಇನ್ನೂ ರಾಣಿಯ ಪಕ್ಕದಲ್ಲೇ ಇತ್ತು, ಎಡಗೈ ಗಡಿಯಾರದ ಬಳಿ. ಬೆಳಿಗ್ಗೆ ಅಮ್ಮ ಎಬ್ಬಿಸಿದ ಚಟ! ಹಾಳಾದ ಕೈ!

ಕಾಂಚನಾ ಕಣ್ಣು ತುಂಬಿಕೊಂಡು ನನ್ನನ್ನೇ ನೋಡುತ್ತಿದ್ದಳು.

“ಹೌದು ಸರ್,” ಅಂದೆ.

ಆ ನಿಮಿಷದಲ್ಲಿ ಅವಳು ಯೋಚಿಸಿ ಯೋಚಿಸಿ ಆಡಿದಳು. ನನ್ನ ಟೈಮ್ ಮುಗಿಯಿತು, ಸೀಟು ಅವಳದಾಯಿತು. ಟ್ರೈನ್ ಬಂತು, ಹತ್ತಲಿಲ್ಲ. ಮನೆಗೆ ಹೋಗಲು ಹೆದರಿಕೆ.

೧೧ ಜನವರಿ, ಬೆಳಿಗ್ಗೆ
ಮೇಜಿನ ಮೇಲೆ ಅಪ್ಪ ಇಟ್ಟ ಬ್ಯಾಂಕ್ ಎಕ್ಸಾಮ್ ಪುಸ್ತಕ. ಚೆಸ್ ಬೋರ್ಡ್ ಕಪಾಟಿನ ಮೇಲೆ ಹೋಗಿದೆ. ಅಳು ಬಂತು, ಅತ್ತೆ.

ಅಮ್ಮ ಪೂಜೆ ಮುಗಿಸಿ ಬಂದಳು. “ಮೊದಲ ನಡೆ ಬಲಗೈಯಲ್ಲೇ ಇಟ್ಟಿದ್ದಿ ಅಲ್ವಾ?”

“ಗೆಲ್ಲೋ ನಡೇನೂ ಅದರಲ್ಲೇ ಇಟ್ಟೆ ಅಮ್ಮ. ಅದಕ್ಕೇ ಸೋತೆ.”

ಪ್ರಸಾದಕ್ಕೆ ಎಡಗೈ ಚಾಚಿದೆ. ಅವಳ ಬೆರಳಲ್ಲಿ ಹೂವು ಹಾಗೇ ನಿಂತಿತು. ನಾನು ಕೈ ಹಿಂದೆ ತೆಗೆಯಲಿಲ್ಲ. ಕೊನೆಗೆ ಅವಳು ಹೂವನ್ನು ನನ್ನ ಎಡಗೈಯಲ್ಲೇ ಇಟ್ಟಳು.