ಮೂರನೆಯ ಬಾರಿನ ಹೊಗೆ

ಗ್ಲಾಸ್ಗೋ, ಸೋಮವಾರ

ಮಾನ್ಯ ಮಕ್‌ಟ್ಯಾಗರ್ಟ್ ಅವರಿಗೆ,

ಶನಿವಾರ ನಾನು ಜನರನ್ನು ಬಾರಿನಿಂದ ಬಾರಿಗೆ ನಡೆಸಿ ಊರೂರ ವಿಸ್ಕಿಯ ರುಚಿ ತೋರಿಸುವಾಗ ನೀವೂ ಬಂದಿರಿ. ಭಾವೀ ಅಳಿಯನನ್ನು ಪರೀಕ್ಷಿಸಲು ಬರುತ್ತೀರೆಂದು ನಿಮ್ಮ ಮಗಳು ಮೊರಾಗ್ ಮೊದಲೇ ಹೇಳಿದ್ದಳು. ನೀವು ಮರೆತ ಟೋಪಿ ನನ್ನ ಬಳಿ ಕ್ಷೇಮವಾಗಿದೆ.

ಮೊದಲ ಬಾರಿನಲ್ಲಿ ನಮ್ಮ ಸ್ಪೇ ಕಣಿವೆಯ ವಿಸ್ಕಿ ಕೊಟ್ಟಾಗ, "ಇದು ವಿಸ್ಕಿ ಅಲ್ಲ ಕಣಯ್ಯಾ, ಹಣ್ಣಿನ ಪಾನಕ! ಇದನ್ನ ಕುಡಿದು ಬೆಳೆದವನಿಗೆ ನನ್ನ ಮಗಳನ್ನ ಕೊಡ್ಲಾ?" ಎಂದಿರಿ. ಎಲ್ಲರೂ ನಕ್ಕರು, ನಾನೂ ನಕ್ಕೆ.

ಮೂರನೆಯ ಬಾರಿನಲ್ಲಿ ಹೆಸರು ಹೇಳದೆ ಒಂದನ್ನು ಸುರಿದೆ. ನೀವು ಮೂಸಿ ನೋಡಿ ಕಣ್ಣು ಒರೆಸಿಕೊಂಡಿರಿ. "ಇದಪ್ಪಾ ವಿಸ್ಕಿ, ನಮ್ಮ ಐಲಾ ದ್ವೀಪದ ಹೊಗೆ ವಾಸನೆ! ನಮ್ಮಮ್ಮನ ಒಲೆ ಮುಂದೆ ಕೂತಂಗಾಯ್ತು" ಎಂದಿರಿ.

ನಾನು ಲೇಬಲ್ ಕಾಣದಂತೆ ಬಾಟಲಿ ತಿರುಗಿಸಿಟ್ಟು ಎಲ್ಲರನ್ನೂ ಮುಂದಿನ ಬಾರಿಗೆ ಹೊರಡಿಸಿದೆ. ನಮ್ಮ ಕಣಿವೆಯಲ್ಲೂ ಕೆಲವರು ನಿಮ್ಮ ದ್ವೀಪದವರಂತೆ ವಿಸ್ಕಿಯ ಬಾರ್ಲಿಯನ್ನು ಹೊಗೆಯಲ್ಲಿ ಒಣಗಿಸುತ್ತಾರೆ, ಸ್ವಾಮಿ. ಆ ಬಾಟಲಿ ನಮ್ಮೂರಿನದು. ಮೊರಾಗ್‌ಗೂ ಹೇಳಿಲ್ಲ.

ಭಾನುವಾರ ಊಟಕ್ಕೆ ಕರೆದರೆ ಟೋಪಿಯ ಜೊತೆ ಅದನ್ನೂ ತರುತ್ತೇನೆ. ಲೇಬಲ್ ಕಿತ್ತು ತರಲೇ, ಹಾಗೇ ತರಲೇ, ತಿಳಿಸಿ.

ನಿಮ್ಮ ವಿಧೇಯ ಪಾನಕದವನು,
ಇನಿಸ್ ಗ್ರಾಂಟ್