ಮಂಚದ ಬಸ್ಸು

ಅಪ್ಪಾ,

ಇವತ್ತು ಸುರಪುರದಿಂದ ಶಹಾಪುರಕ್ಕೆ ಬರುವಾಗ ನಿನ್ನ ರೂಟಿನ ಬಸ್ಸೇ ಸಿಕ್ಕಿತು. ಕಂಡಕ್ಟರ್ ಹೊಸ ಹುಡುಗ. ಸೀಟಿ ಊದುತ್ತಾನೆ, ಬಾಯಿ ಬಿಡುವುದಿಲ್ಲ. ನೀನಿದ್ದಾಗ ಹಾಗಿತ್ತೇನು? "ಏ ಚಾಚಾ, ಜರಾ ಅಡ್ಜಸ್ಟ್ ಮಾಡ್ರಿ. ಯವ್ವಾ, ಲಗೇಜ್ ಸೀಟಿನ ಬುಡಕ ಹಾಕು. ಹಾಂ, ರೈಟ್!" ಒಂದೇ ಉಸಿರಿನಲ್ಲಿ ಉರ್ದು, ಇಂಗ್ಲಿಷು, ಕನ್ನಡ. ಯಾದಗಿರಿಯಲ್ಲಿ ಹತ್ತುವ ತೆಲುಗು ಮುದುಕಿಯರಿಗೂ ನಿನ್ನ ಮಾತು ತಿಳಿಯುತ್ತಿತ್ತು.

ನಿನ್ನ ಮೊಮ್ಮಗಳು ಸುಜಾತಾ ಮಂಚವನ್ನೇ ಬಸ್ಸು ಮಾಡಿಕೊಂಡು ಆಡುತ್ತಿದ್ದಳು, ನೆನಪಿದೆಯಾ? ದಿಂಬುಗಳೇ ಪ್ಯಾಸೆಂಜರು, ನೀನು ಡ್ರೈವರು, ಅವಳೇ ಕಂಡಕ್ಟರು. "ಮುತ್ಯಾ, ಹೋಲ್ಡಾನ್! ಅವ್ವ ಇಳಿಯಾಕತ್ತಾಳ!" ಎಂದು ಬಸ್ಸು ನಿಲ್ಲಿಸಲು ನಿನ್ನ ಹಾಗೆಯೇ ಚೀರಿದರೆ ಓಣಿಗೆಲ್ಲ ಕೇಳುತ್ತಿತ್ತು. ಆಗ ನೀನು ನನಗೆ ಹೇಳಿದ್ದೆ: "ನಿಜಾಮರ ಕಾಲದಾಗ ಉರ್ದು ಬಂತು, ನಮ್ಮ ಬಾಯಾಗ ಬಿದ್ದು ನಮ್ಮದಾತು. ಇಂಗ್ಲಿಷೂ ಹಂಗ ಆಗ್ತದ. ಇಕಿನ್ನ ಇಂಗ್ಲಿಷ್ ಸಾಲಿಗಿ ಹಾಕು, ಹೆದರಬ್ಯಾಡ." ಹಾಕಿದೆವು. ಟೈ ಕಟ್ಟಿದ ಅವಳನ್ನು ನೋಡುವ ಮೊದಲೇ ನೀನು...

ಮೊದಲ ವಾರವೇ ಏನಾಯಿತು ಗೊತ್ತಾ? ಹಾಜರಿ ಕರೆದಾಗ ಇವಳು "ಎಸ್ ರೀ ಮೇಡಂ" ಅಂದಳಂತೆ. ಮರ್ಯಾದೆಯಿಂದಲೇ ಅಂದಿದ್ದು, ಅಪ್ಪಾ. ಇಡೀ ಕ್ಲಾಸು ನಕ್ಕಿತು. ಕನ್ನಡ ಬೆರೆಸಿದ್ದಕ್ಕೆ ಬೆಂಚಿನ ಮೇಲೆ ನಿಲ್ಲಿಸಿದರು. ಅಂದಿನಿಂದ ಮಾತು ಕಡಿಮೆಯಾಗುತ್ತ ಬಂತು. ಈಗ ಶಾಲೆಯಲ್ಲೂ ಇಲ್ಲ, ಮನೆಯಲ್ಲೂ ಇಲ್ಲ. ಹಸಿವಾದರೆ ತಟ್ಟೆ ತಂದು ನನ್ನ ಮುಂದಿಡುತ್ತಾಳೆ.

ಶಾಲೆಗೆ ಹೋಗಿ ಕೇಳಿದೆ. "ಮನೆಯಲ್ಲೂ ಇಂಗ್ಲಿಷಿನಲ್ಲೇ ಮಾತಾಡಿಸಿ" ಅಂದರು ಮೇಡಂ. "ನನಗ ಅಷ್ಟು ಬರಂಗಿಲ್ರಿ" ಅಂದೆ. "ಹಾಗಾದರೆ ಮಾತು ಕಡಿಮೆ ಮಾಡಿ" ಅಂದರು. ಅವರೇನು ಕೆಟ್ಟವರಲ್ಲ, ಮೇಲಿನವರಿಂದ ಬೈಸಿಕೊಳ್ಳುವವರೇ. ಬಿಡಿಸಿ ಓಣಿಯ ಕನ್ನಡ ಶಾಲೆಗೆ ಹಾಕೋಣವೆಂದರೆ ನಿನ್ನ ಅಳಿಯ, "ನಾ ಬಟ್ಟಿ ಅಂಗಡ್ಯಾಗ ಮಂದಿ ಅರಿವಿ ಮಡಚೋದು ಸಾಕಾಗಿಲ್ಲೇನು? ಇಕಿನೂ ಅದನ್ನ ಮಾಡ್ಬೇಕಾ?" ಅಂತಾರೆ. ನೀನಿದ್ದಿದ್ದರೆ ಏನನ್ನುತ್ತಿದ್ದೆ?

ಮೊನ್ನೆ ಭಾನುವಾರ ಅವಳು ಮತ್ತೆ ಮಂಚ ಹತ್ತಿದಳು. ಎಷ್ಟು ತಿಂಗಳಾದ ಮೇಲೆ! ಖುಷಿಯಿಂದ ಒಲೆಯ ಮುಂದಿನಿಂದ ಎದ್ದು ಬಂದೆ. ಅವೇ ದಿಂಬುಗಳು, ಅದೇ ಸಾಲು. ಆದರೆ ಅದು ಬಸ್ಸಲ್ಲ ಅಪ್ಪಾ, ಶಾಲೆ. ಕೈಯಲ್ಲಿ ಸ್ಕೇಲು ಹಿಡಿದು ಒಂದೊಂದೇ ದಿಂಬಿನ ಮುಂದೆ ನಿಂತು ತುಟಿಯ ಮೇಲೆ ಬೆರಳಿಟ್ಟು ತೋರಿಸುತ್ತಿದ್ದಳು. ಸಾಲಿನ ಕೊನೆಗೆ ಗೋಡೆಯಿಂದ ಇಳಿಸಿದ ನಿನ್ನ ಫೋಟೋ. ಅದರ ಮುಂದೆ ಮಾತ್ರ ಬಾಯಿ ಬಿಟ್ಟಳು.

"ನೋ ಟಾಕಿಂಗ್, ಮುತ್ಯಾ."

ಫೋಟೋ ಇನ್ನೂ ಅಲ್ಲೇ ಇದೆ. ತೆಗೆಯಲು ಹೋದರೆ ಕೈ ಹಿಡಿಯುತ್ತಾಳೆ. ನೀನೂ ದಿಂಬುಗಳ ಜೊತೆ ಸುಮ್ಮನೆ ಕೂತುಬಿಟ್ಟಿದ್ದೀಯ. ಊರಿಗೆಲ್ಲ ಕೇಳುವಂತೆ ಕೂಗುತ್ತಿದ್ದವನು, ಒಂದು ಸಲ, ಒಂದೇ ಒಂದು ಸಲ "ಹೋಲ್ಡಾನ್" ಅನ್ನಬಾರದೇನಪ್ಪಾ...