ಬೆರಳಿಟ್ಟು ತೋರಿಸಿದ ಹೆಸರು

ಪಕ್ಕದ ಮನೆಯ ಅಕ್ಕನಿಗೆ,

ನಿಮಗೆ ಓದಲು ಬರುತ್ತಿರಲಿಲ್ಲ. ಆ ಧೈರ್ಯದ ಮೇಲೆಯೇ ಅಂದು ಸುಳ್ಳು ಹೇಳಿದೆ. ಅದೇ ಧೈರ್ಯದ ಮೇಲೆ ಇಂದು ನಿಜವನ್ನೂ ಬರೆದುಬಿಡಬಹುದು ಎಂದುಕೊಂಡಿದ್ದೆ. ಅಷ್ಟು ಸುಲಭವಾಗುತ್ತಿಲ್ಲ.

ನೆನಪಿದೆಯಾ, ವಿಜಯನಗರದ ನಮ್ಮ ವಠಾರದಲ್ಲಿ ನೀವು ಮಣೆಯ ಮೇಲೆ ಊದುಬತ್ತಿ ಹೊಸೆಯುತ್ತಾ ಹಾಡುತ್ತಿದ್ದದ್ದು? ಅಂಗೈ ಮುಂದೆ ಹೋಗಿ ಹಿಂದೆ ಬರುವಷ್ಟರಲ್ಲಿ ಒಂದು ಸಾಲು. ಗೋಡೆಯಾಚೆ ಹಾರ್ಮೋನಿಯಂ ಹಿಡಿದು ಕೂತ ನನಗೆ ಆ ಲಯ ಎಷ್ಟು ತಿಣುಕಿದರೂ ಸಿಗುತ್ತಿರಲಿಲ್ಲ. ಯಾರು ಕಲಿಸಿದ್ದು ಎಂದರೆ, "ಯಾರ್ ಕಲಿಸ್ತಾರಪ್ಪ, ಕೈ ಆಡೋವಾಗ ಬಾಯಿಗ್ ಬಂದಿದ್ದು," ಎಂದು ನಕ್ಕಿದ್ದಿರಿ. ಹಾಗೆ ಹುಟ್ಟಿದ ಎಂಟು ಹಾಡುಗಳ ಮಾತೂ ಧಾಟಿಯೂ ನಿಮ್ಮದೇ.

ಕಂಪನಿಯವರ ಬಾಗಿಲು ಕಾಯುವುದು ಬೇಡ, ನಾವೇ ಕ್ಯಾಸೆಟ್ ತರೋಣ ಎಂದು ಹೊರಟವನು ನಾನು. ನಿಮ್ಮ ದನಿ ಗಡಸು ಎಂದು ಸಂಗೀತ ಕಲಿತ ಹುಡುಗಿಯೊಬ್ಬಳನ್ನು ಕರೆತಂದೆ. ಬೇಸರ ಮಾಡಿಕೊಳ್ಳದೆ ಅವಳಿಗೆ ಸಾಲು ಸಾಲಾಗಿ ಹೇಳಿಕೊಟ್ಟಿರಿ, ಕಾಫಿ ಮಾಡಿಕೊಟ್ಟಿರಿ. ಕ್ಯಾಸೆಟ್ಟಿನ ಡಬ್ಬಿಯೊಳಗೆ ಇಡುವ ಕಾರ್ಡು ಅಚ್ಚಿಗೆ ಕೊಡುವಾಗ ಪ್ರೆಸ್ಸಿನವರು, "ಸಾಹಿತ್ಯ ಯಾರ್ದು ಅಂತ ಹಾಕ್ಲಿ ಸಾರ್?" ಎಂದರು. ಸಂಗೀತ ಎಂಬಲ್ಲಿ ನನ್ನ ಹೆಸರು ಆಗಲೇ ದಪ್ಪಕ್ಷರದಲ್ಲಿ ಕೂತಿತ್ತು. ಅದರ ಕೆಳಗೆ ಊದುಬತ್ತಿ ಹೊಸೆಯುವವರ ಹೆಸರು ಬಂದರೆ ಜನ ನನ್ನನ್ನು... "ಜನಪದ ಅಂತ ಹಾಕ್ಬಿಡಿ," ಎಂದೆ. ಎಲ್ಲರೂ ಹಾಗೇ ಹಾಕುತ್ತಾರೆ ಎಂದು ನನಗೆ ನಾನೇ ನೆಪ ಹೇಳಿಕೊಂಡೆ.

ಮೊದಲ ಕ್ಯಾಸೆಟ್ ನಿಮಗೇ ತಂದುಕೊಟ್ಟೆ. ಸೆರಗಿಗೆ ಕೈ ಒರೆಸಿಕೊಂಡು ಈಸಿಕೊಂಡಿರಿ. "ನನ್ ಹೆಸ್ರು ಎಲ್ಲೈತೆ, ತೋರ್ಸಪ್ಪ." ಆಗಲಾದರೂ ಹೇಳಬಹುದಿತ್ತಲ್ಲ? ಜನಪದ ಎಂಬ ಪದದ ಮೇಲೆ ಬೆರಳಿಟ್ಟು, "ಇಲ್ಲಿದೆ ನೋಡಿ," ಎಂದೆ. ಆಮೇಲೆ ವಠಾರಕ್ಕೆ ಬಂದವರಿಗೆಲ್ಲ ನೀವೂ ಅಲ್ಲೇ ಬೆರಳಿಟ್ಟು ತೋರಿಸುತ್ತಿದ್ದಿರಿ. ಓದು ಬಲ್ಲವರು ಸುಮ್ಮನೆ ನನ್ನ ಮುಖ ನೋಡುತ್ತಿದ್ದರು. ನಿಮಗೆ ಹೇಳಲು ಅವರಿಗೂ ಬಾಯಿ ಬರಲಿಲ್ಲ. ನಾಚಿಕೆಯಾಗಿ ನಾನು ನಿಮ್ಮ ಬಾಗಿಲ ಮುಂದೆ ಹಾಯುವುದನ್ನೇ ಬಿಟ್ಟೆ. ನೀವು ಕಾಯಿಲೆ ಬಿದ್ದು ಮಲಗಿದಾಗಲೂ ಬರಲಿಲ್ಲ.

ನಿನ್ನೆ ನಿಮ್ಮ ಯಜಮಾನರು, ನಿಮ್ಮಂತೆಯೇ ಓದು ಬಾರದ ಭಾವ, ಆ ಕಾರ್ಡು ಹಿಡಿದು ನಮ್ಮ ಮನೆಗೆ ಬಂದಿದ್ದರು. ನಿಮ್ಮ ಸಮಾಧಿಗೆ ಕಲ್ಲು ಹಾಕಿಸುತ್ತಾರಂತೆ. "ಅವ್ಳು ತೋರಿಸ್ತಿದ್ಳಲ್ಲ ಶಿವು, ಅದೇ ಅಕ್ಷರ ಕೆತ್ತಿಸ್ಬೇಕು ಕಣಪ್ಪ. ಕಲ್ಲು ಕೆತ್ತೋನಿಗೆ ನೀನೇ ಒಂದ್ಸಲ ದೊಡ್ಡದಾಗಿ ಬರ್ಕೊಡು."

ಹೇಳಿಬಿಟ್ಟೆ ಅಕ್ಕ, ಎಲ್ಲವನ್ನೂ. ಭಾವ ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ಕಾರ್ಡನ್ನು ನನ್ನ ಮುಂದಿಟ್ಟು, "ಹಂಗಾದ್ರೆ ಅವಳ ಹೆಸ್ರು ಹೆಂಗಿರ್ತದೆ, ಬರ್ದು ತೋರ್ಸು," ಎಂದರು.

ಹಾಳೆಯ ಮೇಲೆ ದೊಡ್ಡದಾಗಿ ಬರೆದೆ, ನಾಗಮ್ಮ ಎಂದು. ಅವರು ಅದನ್ನು ಮಡಚಿಕೊಂಡು, ಹಾಗೇ ಬರೆದಿದ್ದೇನಾ ಎಂದು ಕೇಳಲು ಎದುರು ಮನೆಯ ಮೇಷ್ಟ್ರ ಹತ್ತಿರ ಹೋದರು.